ಕೋಳಿಗಳು ನೀರು ಕುಡಿದ ಮುಚ್ಚಳ

ನಮ್ಮ ಮನೆಯ ಕೋಳಿಗಳು ಹೆಚ್ಚುಕಮ್ಮಿ ಮೂರು ವರ್ಷ ಒಂದು ಬೀಡು ಕಬ್ಬಿಣದ ಮುಚ್ಚಳದಲ್ಲಿ ನೀರು ಕುಡಿದವು. ದಪ್ಪ ಮುಚ್ಚಳ. ಸುತ್ತಲೂ ಮೇಲ್ಮುಖವಾಗಿ ಎದ್ದ ಒಂದು ಅಂಚು, ನಡುವೆ ಬಳೆಯಂಥ ಹಿಡಿಕೆ. ಅಂಚು ಇದ್ದಿದ್ದರಿಂದ ನೀರು ನಿಲ್ಲುತ್ತಿತ್ತು. ಭಾರ ಇದ್ದಿದ್ದರಿಂದ ಹುಂಜ ಹತ್ತಿ ನಿಂತರೂ ಮಗುಚುತ್ತಿರಲಿಲ್ಲ. ಅಮ್ಮನಿಗೆ ಅದರ ಮೇಲೆ ಬಹಳ ಪ್ರೀತಿ. "ನೀನು ದುಡ್ಡು ಕೊಟ್ಟು ತಂದಿದ್ದರಲ್ಲಿ ಉಪಯೋಗಕ್ಕೆ ಬಂದಿದ್ದು ಇದೊಂದೇ" ಅನ್ನುತ್ತಿದ್ದಳು.

ತಂದಿದ್ದು ಕೆಜಿಎಫ್‌ನಿಂದ. ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಹಳೇ ಸಾಮಾನಿನ ಅಂಗಡಿಗೆ ಸುಮ್ನೆ ಹೊಕ್ಕಿದ್ದೆ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಊರಿನಿಂದ ಎಷ್ಟೋ ಮನೆಯವರು ಗಂಟು ಕಟ್ಟಿಕೊಂಡು ಹೋದರು. ಹೊತ್ತುಕೊಂಡು ಹೋಗಲಾಗದ ಸಾಮಾನು ಇಂಥ ಅಂಗಡಿಗಳಿಗೆ ಬಂದು ಕೂತಿದೆ. ಮೂಲೆಯಲ್ಲಿ ಮೂರು ಮೋಟು ಕಾಲಿನ ಒಂದು ಕರೀ ಪಾತ್ರೆ ಇತ್ತು. ಒಂದಡಿ ಅಗಲ. ಎತ್ತಿದರೆ ಎಂಟು ಕೆಜಿಗೆ ಮೋಸವಿಲ್ಲ. "ಇಂಗ್ಲಿಷ್ ದೊರೆ ಮನೇದು ಸಾರ್" ಎಂದ ಅಂಗಡಿಯವನು. ಅವನ ಪ್ರಕಾರ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯೂ ದೊರೆ ಮನೆಯದೇ. ಆದರೂ ಒಂಬೈನೂರು ರೂಪಾಯಿ ಕೊಟ್ಟು ತಂದೆ. ಭಾರದ ವಸ್ತು ಕಂಡರೆ ನನಗೆ ಹಾಗೆ ಆಗುತ್ತದೆ.

ಊರಿಗೆ ತಂದರೆ ಅದು ಗ್ಯಾಸ್ ಒಲೆಯ ಮೇಲೆ ಕೂರಲೇ ಇಲ್ಲ. ಮೂರು ಕಾಲು ಅಡ್ಡ. ಅಮ್ಮ ಪಾತ್ರೆಗೆ ಬಿತ್ತನೆ ಹುರುಳಿ ತುಂಬಿ ಅಟ್ಟಕ್ಕೆ ಹಾಕಿದಳು. ಮುಚ್ಚಳ ಕೋಳಿಗೆ ಹೋಯಿತು. ಮುಚ್ಚಳಕ್ಕೆ ಯಾಕೆ ಅಂಚು, ಪಾತ್ರೆಗೆ ಯಾಕೆ ಕಾಲು ಎಂದು ನಮ್ಮಿಬ್ಬರಲ್ಲಿ ಯಾರೂ ಕೇಳಿಕೊಳ್ಳಲಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ ನಮ್ಮದು. ಮೂರನೇ ದಿನಕ್ಕೆ ಅವಳಿಗೆ ಮುದ್ದೆ ಸಾಕಾಯಿತು. ಪಿಜ್ಜಾ ಬೇಕು ಎಂದಳು. ಫೋನಿನಲ್ಲಿ ನೋಡಿದಳು. ಯಾವ ಅಂಗಡಿಯೂ ನಮ್ಮೂರಿಗೆ ಬರುವುದಿಲ್ಲ. "ಇಲ್ಲೇ ಮಾಡೋಣ ಬಿಡು, ಹೊಲದಲ್ಲಿ ಬೆಂಕಿ ಹಾಕಿ" ಎಂದುಬಿಟ್ಟೆ. ಬೆಂಗಳೂರಿನಲ್ಲಿ ನಾನು ಒಂದು ಬ್ರೆಡ್ಡನ್ನೂ ಸುಟ್ಟವನಲ್ಲ. ಆದರೆ ವಿಡಿಯೋ ತುಂಬಾ ನೋಡಿದ್ದೆ. ಅವುಗಳಲ್ಲೇ ಒಂದರಲ್ಲಿ ಮೂರು ಕಾಲಿನ ಬೀಡಿನ ಪಾತ್ರೆ ಕಂಡಿತ್ತು. ಅದಕ್ಕೆ ಡಚ್ ಓವನ್ ಎನ್ನುತ್ತಾರಂತೆ. ಅಟ್ಟ ಹತ್ತಿ ಹುರುಳಿ ಸುರಿದೆ.

ಹೆಸರು ಡಚ್ಚರದು. ಇಂಗ್ಲೆಂಡಿನಲ್ಲಿ ಇಂಥ ಪಾತ್ರೆ ಅಗ್ಗವಾಗಿ ಸಿಗುವ ಹಾಗೆ ಮಾಡಿದವನು ಅಬ್ರಹಾಂ ಡಾರ್ಬಿ. ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರಕ ಹೊಯ್ಯುವ ವಿಧಾನಕ್ಕೆ 1707ರಲ್ಲಿ ಪೇಟೆಂಟ್ ತೆಗೆದುಕೊಂಡ. ಮರಳಿನ ಅಚ್ಚಿನ ಉಪಾಯ ಡಚ್ಚರ ಕಡೆಯಿಂದ ಬಂತು ಎನ್ನುತ್ತಾರೆ, ಅದಕ್ಕೇ ಆ ಹೆಸರು. ನಮ್ಮ ದೋಸೆ ಹೆಂಚು ಕೂಡ ಇದೇ ಬೀಡು. ನೂರಕ್ಕೆ ಎರಡರಿಂದ ನಾಲ್ಕು ಪಾಲು ಇಂಗಾಲ ಸೇರಿದ ಕಬ್ಬಿಣ. ಎತ್ತಿ ಹಾಕಿದರೆ ಬಗ್ಗುವುದಿಲ್ಲ, ಒಡೆದೇ ಹೋಗುತ್ತದೆ. ಬೀಡಿನ ಹೆಂಚು ಕಾಲ ಮೇಲೆ ಬಿದ್ದ ಮನೆಗಳಲ್ಲಿ ಇದನ್ನು ವಿವರಿಸಿ ಹೇಳಬೇಕಿಲ್ಲ.

ಮೊದಲನೇ ಸಲ ನಾನು ಬೆಂಕಿ ಹಾಕಿದ್ದು ಬಂಡೆಯ ಮೇಲೆ. ಕೋಲಾರದ ಕಡೆ ಹೊಲ ಎಂದಮೇಲೆ ಒಂದು ಬಂಡೆ ಇರಲೇಬೇಕಲ್ಲ. ಚಪ್ಪಟೆಯಾಗಿದೆ, ಹುಲ್ಲಿಲ್ಲ, ಬೆಂಕಿ ಹರಡುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಕಾಲು ಗಂಟೆಯಲ್ಲಿ ಢಂ ಎಂದು ಸದ್ದಾಯಿತು. ಅಂಗೈಯಗಲದ ಒಂದು ಚಕ್ಕೆ ಎಗರಿ ಮಗಳ ಚಪ್ಪಲಿಯ ಹತ್ತಿರ ಬಿತ್ತು. ಪಕ್ಕದ ಹೊಲದಿಂದ ಚಿಕ್ಕಪ್ಪ ಓಡಿ ಬಂದರು. "ಬಂಡೆ ಮೇಲೆ ಬೆಂಕಿ ಹಾಕ್ತಾರೇನೋ? ಕಲ್ಲು ಒಡೆಯೋರು ಚಪ್ಪಡಿ ಎಬ್ಬಿಸೋದೇ ಹಿಂಗೆ" ಎಂದು ಬೈದರು. ಬಂಡೆಯ ಮೇಲೆ ಸೌದೆ ಉರಿಸಿದರೆ ಮೇಲಿನ ಪದರ ಕಾದು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ, ನಡುವೆ ಬಿಡುತ್ತದೆ. ನಮ್ಮ ಮನೆಯ ಮುಂದಿನ ಜಗಲಿ ಚಪ್ಪಡಿ ಹೀಗೇ ಎದ್ದಿದ್ದು. ನಲವತ್ತು ವರ್ಷ ಅದರ ಮೇಲೆ ಕೂತವನಿಗೆ ಅಷ್ಟು ಗೊತ್ತಿರಲಿಲ್ಲ. ಅವತ್ತು ಎಲ್ಲರೂ ಮುದ್ದೆಯನ್ನೇ ತಿಂದೆವು.

ಮಾರನೇ ದಿನ ಹುಣಸೆ ಮರದಿಂದ ಸ್ವಲ್ಪ ದೂರ, ಬರೀ ಮಣ್ಣಿನಲ್ಲಿ ಒಂದು ಗೇಣು ಗುಂಡಿ ತೋಡಿದೆ. ಹಿಟ್ಟು ಬೆಳಗ್ಗೆಯೇ ಕಲಸಿದ್ದೆ. ಅರ್ಧ ಕೆಜಿ ಮೈದಾ, ಮುನ್ನೂರು ಎಂಎಲ್ ನೀರು, ಎರಡು ಚಮಚ ಉಪ್ಪು, ಒಂದು ಚಮಚ ಒಣ ಯೀಸ್ಟ್. ಮಾಗಿ ಚಳಿಯಲ್ಲಿ ಅದು ಉಬ್ಬುವ ಲಕ್ಷಣವೇ ಕಾಣಲಿಲ್ಲ. ಮಧ್ಯಾಹ್ನದವರೆಗೂ ಇಟ್ಟಲ್ಲೇ ಕಲ್ಲಿನ ಹಾಗೆ ಕೂತಿತ್ತು. ನಾನು ಬಿಸಿನೀರಿನಲ್ಲಿ ಪಾತ್ರೆ ಇಡೋಣ ಎಂದು ಹೊರಟೆ. ಅಮ್ಮ ತಡೆದಳು. ಪಾತ್ರೆಗೆ ತಟ್ಟೆ ಮುಚ್ಚಿ, ಕಂಬಳಿ ಸುತ್ತಿ, ರಾಗಿ ಹುಲ್ಲಿನ ಬಣವೆಯಲ್ಲಿ ಬಿಸಿಲು ಬೀಳುವ ಕಡೆ ಹುದುಗಿಸಿ ಬಂದಳು. ಮಾವಿನಕಾಯಿ ಅಡೆ ಹಾಕುವವರ ಕೈ ಅದು. ಸಂಜೆ ತೆಗೆದಾಗ ಹಿಟ್ಟು ತಟ್ಟೆಯನ್ನೇ ಎತ್ತಿತ್ತು. "ಇಡ್ಲಿ ಹಿಟ್ಟಿನ ಹಂಗೇ ಅಲ್ವಾ" ಎಂದಳು. ಹಂಗೇ. ಒಂದರಲ್ಲಿ ಹುಳಿ ಜಾಸ್ತಿ, ಇನ್ನೊಂದರಲ್ಲಿ ಗಾಳಿ ಜಾಸ್ತಿ.

ಟೊಮ್ಯಾಟೊ ನಮ್ಮದೇ. ಈ ಮಾತು ಹೇಳಲು ಹೆಮ್ಮೆ ಆಗಬೇಕು, ಆದರೆ ಅವತ್ತು ಆಗಲಿಲ್ಲ. ಅರ್ಧ ಎಕರೆ ಹಣ್ಣು ಗಿಡದಲ್ಲೇ ಬಿಟ್ಟಿದ್ದರು. ಕೀಳುವ ಕೂಲಿ, ಕೋಲಾರದ ಎಪಿಎಂಸಿಗೆ ಸಾಗಿಸುವ ಬಾಡಿಗೆ, ಎರಡೂ ಗಿಟ್ಟುವುದಿಲ್ಲ ಎಂದು ತಮ್ಮ ಕೈ ಬಿಟ್ಟಿದ್ದ. ಏಷ್ಯಾದ ದೊಡ್ಡ ಟೊಮ್ಯಾಟೊ ಮಂಡಿಗಳಲ್ಲಿ ಅದೂ ಒಂದು ಎಂದು ಪೇಪರಿನವರು ಬರೆಯುತ್ತಾರೆ. 2023ರ ಜುಲೈನಲ್ಲಿ ಅದೇ ಮಂಡಿಯಲ್ಲಿ ಹದಿನೈದು ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆಗ ಹೊಲಗಳಲ್ಲಿ ರಾತ್ರಿ ಕಾವಲು ಕೂತವರಿದ್ದರು. ನಮ್ಮ ತಮ್ಮನ ಬಳಿ ಆ ತಿಂಗಳು ಬೆಳೆ ಇರಲಿಲ್ಲ. ಅವನ ಬಳಿ ಬೆಳೆ ಇದ್ದಾಗ ರೇಟು ಇರುವುದಿಲ್ಲ. ಇದನ್ನು ಅವನು ನಗುತ್ತಲೇ ಹೇಳುತ್ತಾನೆ. ನಾನು ಬುಟ್ಟಿ ತುಂಬ ಕಿತ್ತುಕೊಂಡು ಬರುವಾಗ "ಇನ್ನೂ ನಾಲ್ಕು ಬುಟ್ಟಿ ಕಿತ್ಕೋ, ಪುಣ್ಯ ಬರುತ್ತೆ" ಎಂದ.

ಸಾಸ್ ಮಾಡುವಾಗ ನನ್ನ ಎರಡನೇ ಬುದ್ಧಿವಂತಿಕೆ ಹೊರಬಂತು. ಎಲ್ಲವೂ ಒಂದೇ ಪಾತ್ರೆಯಲ್ಲಿ ಆಗಲಿ ಎಂದು ಟೊಮ್ಯಾಟೊವನ್ನು ಆ ಬೀಡಿನ ಪಾತ್ರೆಯಲ್ಲೇ ಬೇಯಲು ಇಟ್ಟೆ. ಅರ್ಧ ಗಂಟೆ ಕುದಿಸಿ ನೋಡಿದರೆ ಕೆಂಪು ಹೋಗಿ ಕಂದು ಬಂದಿತ್ತು. ನಾಲಿಗೆಗೆ ಹಾಕಿದರೆ ಹಳೇ ಬೀಗದ ಕೈ ಚೀಪಿದ ರುಚಿ. ಅಮ್ಮ ನೋಡಿ ಹಣೆ ಚಚ್ಚಿಕೊಂಡಳು. ಬೀಡಿನ ಪಾತ್ರೆಗೆ ಹುಳಿ ಆಗುವುದಿಲ್ಲ. ಹುಣಸೆ ಹಣ್ಣಾದರೂ ಅಷ್ಟೇ, ಟೊಮ್ಯಾಟೊ ಆದರೂ ಅಷ್ಟೇ. ಅದರಲ್ಲೂ ಪಳಗದ ಪಾತ್ರೆಗೆ.

ಪಳಗಿಸುವುದು ಅಮ್ಮನ ಮಾತು. ಹೆಂಚನ್ನೂ ಪಳಗಿಸುತ್ತಾಳೆ, ಹೋರಿಯನ್ನೂ ಪಳಗಿಸುತ್ತಾಳೆ. ಅವತ್ತು ರಾತ್ರಿ ಪಾತ್ರೆಯನ್ನು ಬೂದಿ ಹಾಕಿ ಉಜ್ಜಿ, ಒಲೆಯ ಪಕ್ಕ ಒಣಗಿಸಿ, ಅರ್ಧ ಈರುಳ್ಳಿಯನ್ನು ಕಡ್ಲೆಕಾಯಿ ಎಣ್ಣೆಗೆ ಅದ್ದಿ ಒಳಗೆಲ್ಲ ತಿಕ್ಕಿದಳು. ಎಣ್ಣೆ ಹೊಳೆಯಬಾರದು, ಬಟ್ಟೆಯಲ್ಲಿ ಒರೆಸಿ ತೆಗೆದಷ್ಟು ತೆಗೆದಳು. ಮತ್ತೆ ಬೆಂಕಿಗೆ ಬೋರಲು ಹಾಕಿದಳು. ಹೊಗೆ ಬಂದು ನಿಲ್ಲುವವರೆಗೆ ಬಿಟ್ಟು, ಆರಿಸಿ, ಮತ್ತೆ ತಿಕ್ಕಿ, ಮತ್ತೆ ಬೆಂಕಿ. ಹೀಗೆ ನಾಲ್ಕು ಸಲ. ತೆಳ್ಳಗಿನ ಎಣ್ಣೆ ಹೀಗೆ ಕಾದಾಗ ಎಣ್ಣೆಯಾಗಿ ಉಳಿಯುವುದಿಲ್ಲ. ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗಿ ಕಬ್ಬಿಣಕ್ಕೆ ಅಂಟುತ್ತವೆ. ದಪ್ಪಗೆ ಹಚ್ಚಿದರೆ ಪೊರೆ ಆಗದೆ ಜಿಗುಟಾಗುತ್ತದೆ. ಹುಳಿ ಈ ಪೊರೆಯನ್ನೇ ತಿನ್ನುತ್ತದೆ. ಬೆಳಗ್ಗೆ ಪಾತ್ರೆಯ ಒಳಗೆ ಕೈಯಾಡಿಸಿದರೆ ನುಣ್ಣಗೆ, ಒಣಗಿ, ಕರ್ರಗೆ ಇತ್ತು. ಹೊಸ ಸಾಸನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿದೆ. ನೀರು ಪೂರ್ತಿ ಬತ್ತಬೇಕು, ಚಟ್ನಿಯ ಹಾಗೆ ಆಗಬೇಕು. ಇಲ್ಲದಿದ್ದರೆ ಹಿಟ್ಟು ನೆನೆದು ಅಂಬಲಿಯಾಗುತ್ತದೆ.

ಇನ್ನು ಬೆಂಕಿ. ಬರೆಯಬೇಕು ಎನಿಸಿದ್ದೇ ಇದರ ಬಗ್ಗೆ.

ನಮ್ಮ ಕಡೆ ಸೌದೆಗೆ ಬರವಿಲ್ಲ. ಹಿಪ್ಪುನೇರಳೆ ಕಡ್ಡಿ ಇದೆ. ರೇಷ್ಮೆ ಹುಳ ಎಲೆ ತಿಂದು ಬಿಟ್ಟ ಕಡ್ಡಿ, ಮನೆಮನೆಯ ಹಿಂದೆ ರಾಶಿ. ಅದು ಬೇಗ ಹತ್ತುತ್ತದೆ, ಬೇಗ ಆರುತ್ತದೆ. ಬೆಂಕಿ ಹಚ್ಚಲು ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಕೆಂಡ ಉಳಿಯುವುದಿಲ್ಲ. ಮಾವಿನ ಕೊಂಬೆ ಇದೆ. ಅದರ ಕೆಂಡ ಮೆತ್ತಗೆ, ಸ್ವಲ್ಪ ಹೊತ್ತಿಗೇ ಬೂದಿಯಾಗಿ ಕೂರುತ್ತದೆ. ನೀಲಗಿರಿ ಜೋರಾಗಿ ಉರಿಯುತ್ತದೆ, ಹಸಿ ಇದ್ದರೆ ಹೊಗೆಯಲ್ಲಿ ಆ ಎಣ್ಣೆ ವಾಸನೆ ಬರುತ್ತದೆ. ಅದೇ ವಾಸನೆ ಪಿಜ್ಜಾಕ್ಕೆ ಹತ್ತಿದರೆ ನೆಗಡಿ ಔಷಧಿ ತಿಂದ ಹಾಗೆ. ಕೊನೆಗೆ ಉಳಿಯುವುದು ಜಾಲಿ ಮತ್ತು ಹುಣಸೆ. ಗಟ್ಟಿ ಮರ. ಹತ್ತಲು ಸತಾಯಿಸುತ್ತದೆ. ಒಮ್ಮೆ ಕೆಂಡವಾದರೆ ಗಂಟೆಗಟ್ಟಲೆ ಕಾವು ಬಿಡುವುದಿಲ್ಲ. ಇಟ್ಟಿಗೆ ಸುಡುವವರು ಹುಣಸೆ ಸೌದೆ ಹುಡುಕಿಕೊಂಡು ಬರುವುದು ಸುಮ್ನೆ ಅಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? ದೊಡ್ಡ ಉರಿ ಎಬ್ಬಿಸಿ ಅದರ ಮೇಲೆ ಪಾತ್ರೆ ಇಟ್ಟೆ. ಕೋಳಿಗಳ ಮುಚ್ಚಳ ತೊಳೆದು ಮೇಲೆ ಮುಚ್ಚಿದೆ. ಹತ್ತು ನಿಮಿಷ ಕಾದು ತೆಗೆದೆ. ತಳ ಇದ್ದಿಲು. ಮೇಲೆ ಚೀಸ್ ಇನ್ನೂ ತುರಿದಿಟ್ಟ ಹಾಗೇ ಬೆಳ್ಳಗೆ ಕೂತಿತ್ತು. ಎರಡನೆಯದಕ್ಕೆ ಉರಿ ಸಣ್ಣ ಮಾಡಿದೆ. ತಳ ಸ್ವಲ್ಪ ಕಡಿಮೆ ಇದ್ದಿಲು, ಮೇಲೆ ಹಸಿ. ಮಗಳು ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಆ ಹೊತ್ತಿಗೆ ಭಾಯ್ ಬಂದರು. ನಮ್ಮೂರಿನ ಸುತ್ತ ಮದುವೆಗಳಿಗೆ ಬಿರಿಯಾನಿ ಮಾಡುವವರು. ವಯಸ್ಸು ಎಪ್ಪತ್ತರ ಮೇಲೆ, ಊರಿಗೆಲ್ಲ ಬರೀ ಭಾಯ್. ದನ ಹೊಡೆದುಕೊಂಡು ಹೋಗುತ್ತಿದ್ದವರು ಹೊಗೆ ನೋಡಿ ನಿಂತರು. ಪಾತ್ರೆಯ ಸುತ್ತ ಒಂದು ಸುತ್ತು ಹಾಕಿದರು. ಕೋಲಿನ ತುದಿಯಲ್ಲಿ ಮುಚ್ಚಳದ ಅಂಚು ಮುಟ್ಟಿ, "ಇದು ಯಾಕೆ ಮಾಡವ್ರೆ ಗೊತ್ತಾ?" ಎಂದರು.

"ನೀರು ನಿಲ್ಲಕ್ಕೆ" ಎಂದಳು ಅಮ್ಮ.

ಭಾಯ್ ನಗಲಿಲ್ಲ. "ಕೆಂಡ ನಿಲ್ಲಕ್ಕೆ" ಎಂದರು. "ದಮ್ ಹಾಕೋವಾಗ ಡೇಗ್ಚಿ ಮುಚ್ಚಳದ ಮೇಲೆ ನಾವು ಕೆಂಡ ಸುರೀತೀವಲ್ಲ, ಅದೇ. ನಮ್ದು ಜಾರುತ್ತೆ. ಇದಕ್ಕೆ ಕಟ್ಟೆ ಕಟ್ಟವ್ರೆ, ಅಷ್ಟೇ."

ಆಮೇಲೆ ಅವರೇ ಕುಕ್ಕರುಗಾಲಲ್ಲಿ ಕೂತರು. ಉರಿಯುತ್ತಿದ್ದ ಕೊಳ್ಳಿಗಳನ್ನೆಲ್ಲ ಎಳೆದು ಪಕ್ಕಕ್ಕೆ ಹಾಕಿಸಿದರು. ಉರಿ ಕಣ್ಣಿಗೆ, ಕೆಂಡ ಅಡುಗೆಗೆ ಎಂಬ ಲೆಕ್ಕ ಅವರದು. ಕೆಂಡ ಮೂರು ಪಾಲು ಮಾಡಿದರು. ಒಂದು ಪಾಲು ಕೆಳಗೆ, ಎರಡು ಪಾಲು ಮುಚ್ಚಳದ ಮೇಲೆ. ಕೆಳಗಿನದನ್ನೂ ನಡುವೆ ಹಾಕಲು ಬಿಡಲಿಲ್ಲ. ಪಾತ್ರೆಯ ಅಂಚಿನ ನೇರಕ್ಕೆ ಬಳೆಯ ಹಾಗೆ ಸುತ್ತ ಇಡಿಸಿದರು. ಆಗ ಮೂರು ಕಾಲಿನ ಗುಟ್ಟೂ ತಿಳಿಯಿತು. ಕಾಲು ಇದ್ದರೆ ತಳಕ್ಕೂ ಕೆಂಡಕ್ಕೂ ನಡುವೆ ಎರಡು ಬೆರಳು ಗಾಳಿ ಇರುತ್ತದೆ. ಕಾಲು ಗ್ಯಾಸ್ ಒಲೆಗೆ ಅಡ್ಡವೇ ಹೊರತು ಕೆಂಡಕ್ಕಲ್ಲ.

ಬೀಡು ಕಬ್ಬಿಣ ಕಾವನ್ನು ಬೇಗ ಹರಡುವುದಿಲ್ಲ. ಅಲ್ಯೂಮಿನಿಯಂ ಅದಕ್ಕಿಂತ ಎಷ್ಟೋ ಪಟ್ಟು ಚುರುಕು. ಹಾಗಾಗಿ ಕೆಂಡ ಇದ್ದ ಜಾಗದ ನೇರಕ್ಕೆ ಪಾತ್ರೆ ಸುಡುತ್ತದೆ, ಇಲ್ಲದ ಕಡೆ ತಣ್ಣಗಿರುತ್ತದೆ. ಗಾಳಿ ಬರುವ ಕಡೆಯ ಕೆಂಡ ಬೇರೆ ಜಾಸ್ತಿ ಕೆರಳುತ್ತದೆ. ಭಾಯ್ ಇದಕ್ಕೆ ಕಾರಣ ಹೇಳಲಿಲ್ಲ, ಮಾಡಿ ತೋರಿಸಿದರು. ಮೂರು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಬಲಕ್ಕೆ ಕಾಲು ಸುತ್ತು, ಮುಚ್ಚಳವನ್ನು ಎಡಕ್ಕೆ ಕಾಲು ಸುತ್ತು. ನಿಧಾನಕ್ಕೆ ಕಾದರೂ ಈ ಲೋಹ ಹಿಡಿದ ಕಾವನ್ನು ಬೇಗ ಬಿಟ್ಟುಕೊಡುವುದಿಲ್ಲ, ಅದು ಅದರ ಒಳ್ಳೇ ಗುಣ. ತಣ್ಣನೆ ಹಿಟ್ಟು ಬಿದ್ದರೂ ಅದು ಬೆಚ್ಚುವುದಿಲ್ಲ.

ಕಾವು ಸರಿಯಾಗಿದೆಯಾ ಎಂದು ನೋಡುವ ಕೆಲಸ ಅಮ್ಮನದು. ಒಂದು ಚಿಟಿಕೆ ರಾಗಿ ಹಿಟ್ಟು ಪಾತ್ರೆಯ ತಳಕ್ಕೆ ಉದುರಿಸಿದಳು. ತಕ್ಷಣ ಕರಕಲಾದರೆ ಕಾವು ಹೆಚ್ಚು. ಸುಮ್ನೆ ಬಿದ್ದಿದ್ದರೆ ಸಾಲದು. ಇಪ್ಪತ್ತು ಎಣಿಸುವಷ್ಟರಲ್ಲಿ ಹುರಿದ ವಾಸನೆ ಬಂತು. "ಹಾಕು" ಎಂದಳು. ರಾಗಿ ಹಿಟ್ಟನ್ನು ತಳಕ್ಕೆ ಇನ್ನಷ್ಟು ಉದುರಿಸಿ ಅದರ ಮೇಲೇ ಹಾಕಿದೆ. ಅಂಟಲಿಲ್ಲ. ಮೊದಲ ದಿನ ಹಿಟ್ಟಿಗೇ ಅರ್ಧ ರಾಗಿ ಬೆರೆಸುವ ಆಸೆ ನನಗಿತ್ತು. ರಾಗಿಗೆ ಮೈದಾದ ಜಿಗುಟು ಇಲ್ಲ, ಎಳೆದರೆ ಹರಿಯುತ್ತದೆ. ಮುದ್ದೆಯಾಗಲು ಹುಟ್ಟಿದ ಧಾನ್ಯವನ್ನು ಎಳೆದಾಡಬಾರದು.

ಮೇಲೆ ಹಾಕಿದ್ದು ಸಾಸ್, ಈರುಳ್ಳಿ, ಕೋಲಾರದಿಂದ ತಂದ ಚೀಸ್, ಮತ್ತು ಹಿತಕಿದ ಅವರೆಬೇಳೆ. ಡಿಸೆಂಬರ್ ಅಲ್ವಾ, ಮನೆಯಲ್ಲಿ ಬೆಳಗಿಂದ ಸಂಜೆವರೆಗೆ ಅವರೆ ಬಿಡಿಸುವುದೇ ಕೆಲಸ. ಮುಕ್ಕಾಲು ಬೇಯಿಸಿ ಒಂದಿಷ್ಟು ಮೇಲೆ ಚೆಲ್ಲಿದೆವು. ಇಟಲಿಯವರು ನೋಡಿದರೆ ಬೈದುಕೊಳ್ಳಬಹುದು. ಆದರೆ ಟೊಮ್ಯಾಟೊ ಅವರಿಗೂ ಅಮೆರಿಕ ಖಂಡದಿಂದ ಬಂದ ಹಣ್ಣೇ. ಅವರ ನೇಪಲ್ಸ್‌ನಲ್ಲಿ ಸೌದೆ ಗೂಡು ನಾನೂರ ಮೂವತ್ತು ಡಿಗ್ರಿ ದಾಟಿರುತ್ತದೆ, ಪಿಜ್ಜಾ ಅರವತ್ತರಿಂದ ತೊಂಬತ್ತು ಸೆಕೆಂಡಿನಲ್ಲಿ ಬೆಂದು ಬರುತ್ತದೆ. ಆ ಕೈಚಳಕವನ್ನು ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಅಲ್ಲಿ ಗೂಡಿನ ಕಮಾನು ಮೇಲಿನಿಂದ ಕಾವು ಬಡಿಯುತ್ತದೆ. ನಮ್ಮಲ್ಲಿ ಆ ಕಮಾನಿನ ಕೆಲಸ ಕೋಳಿ ಮುಚ್ಚಳದ್ದು. ಅಷ್ಟು ಕಾವು ನಮಗೆ ಬರುವುದಿಲ್ಲ. ನಮ್ಮದಕ್ಕೆ ಹದಿನಾಲ್ಕು ನಿಮಿಷ ಹಿಡಿಯಿತು.

ಹತ್ತನೇ ನಿಮಿಷದಲ್ಲಿ ಭಾಯ್ ಒಂದು ಹುಣಸೆ ಕಡ್ಡಿ ಮುರಿದು ಮುಚ್ಚಳದ ಸಂದಿಗೆ ಸಿಕ್ಕಿಸಿದರು. ಬಿರಿಯಾನಿಗೆ ಅವರು ಇದರ ಉಲ್ಟಾ ಮಾಡುತ್ತಾರೆ, ಸಂದಿಗೆ ಹಿಟ್ಟು ಮೆತ್ತಿ ಹಬೆ ಒಳಗೇ ಇಡುತ್ತಾರೆ. "ಅನ್ನಕ್ಕೆ ಹಬೆ ಬೇಕು, ರೊಟ್ಟಿಗೆ ಬೇಡ" ಎಂದರು. ಸಂದಿಯಿಂದ ಹಬೆ ಸಣ್ಣಗೆ ಹೊರಬಂತು. ಮೊದಲು ಬರೀ ನೀರಿನ ವಾಸನೆ. ಆಮೇಲೆ ಟೊಮ್ಯಾಟೊ. ಆಮೇಲೆ ಅವರೆಯ ಸೊಗಡು. ಕೊನೆಗೆ ಹಿಟ್ಟು ಕೆಂಪಾಗುವ ವಾಸನೆ, ಬೇಕರಿಯ ಹಿಂಬಾಗಿಲಲ್ಲಿ ಬರುತ್ತದಲ್ಲ, ಅದು.

ಮುಚ್ಚಳ ಎತ್ತಲು ನಮ್ಮಲ್ಲಿ ಕೊಕ್ಕೆ ಇರಲಿಲ್ಲ. ತಮ್ಮ ಬಾವಿಯಿಂದ ಬಿಂದಿಗೆ ತೆಗೆಯುವ ಪಾತಾಳಗರಡಿ ತಂದ. ಬಾವಿ ಬತ್ತಿ ಎಷ್ಟೋ ವರ್ಷವಾಯಿತು, ಅದು ಗೋಡೆಗೆ ನೇತಾಡುತ್ತಿತ್ತು. ಒಂದು ಕೊಕ್ಕೆಯನ್ನು ಹಿಡಿಕೆಗೆ ಸಿಕ್ಕಿಸಿ, ಬೂದಿ ಒಳಗೆ ಉದುರದ ಹಾಗೆ ನೇರಕ್ಕೆ ಎತ್ತಿದ. ಒಳಗೆ ಚೀಸ್ ಕುದಿಯುತ್ತಿತ್ತು. ಅಲ್ಲಲ್ಲಿ ಕಂದು ಚುಕ್ಕೆ. ಅಂಚು ಉಬ್ಬಿ ಪಾತ್ರೆಯ ಗೋಡೆಗೆ ಒರಗಿತ್ತು. ಒಂದು ಕಡೆ ಮಾತ್ರ, ಪಡುವಣ ಗಾಳಿ ಬರುತ್ತಿದ್ದ ಕಡೆ, ನಾಲ್ಕು ಬೆರಳಗಲ ಕಪ್ಪಾಗಿತ್ತು. ಎರಡನೇ ಸಲ ತಿರುಗಿಸುವುದನ್ನು ನಾನು ಫೋಟೋ ತೆಗೆಯುತ್ತಾ ಮರೆತಿದ್ದೆ.

ಕುಡುಗೋಲಿನಲ್ಲಿ ಎಂಟು ತುಂಡು ಮಾಡಿದೆವು. ಮಗಳು ಮೊದಲನೆಯದು ತೆಗೆದುಕೊಂಡು ಹುಣಸೆ ಮರದ ಬೇರಿನ ಮೇಲೆ ಕೂತು ತಿಂದಳು. ತಿಂದು ಎರಡನೆಯದಕ್ಕೆ ಬಂದಳು. ಚಿಕ್ಕಪ್ಪ ಎರಡು ತಿಂದು, ಬಂಡೆಯ ಕಥೆಯನ್ನು ಭಾಯ್‌ಗೆ ಮತ್ತೆ ಮೊದಲಿಂದ ಹೇಳಿದರು. ಭಾಯ್ ಅರ್ಧ ತುಂಡು ತಿಂದು ಉಳಿದರ್ಧ ಕಾಗದದಲ್ಲಿ ಮೊಮ್ಮಗನಿಗೆ ಸುತ್ತಿಕೊಂಡರು. ಅವರ ದನಗಳು ಅಷ್ಟರಲ್ಲಿ ನಮ್ಮ ಟೊಮ್ಯಾಟೊ ಸಾಲಿಗೆ ನುಗ್ಗಿದ್ದವು. ಯಾರೂ ಓಡಿಸಲು ಏಳಲಿಲ್ಲ.

ಅಮ್ಮ ಸುಟ್ಟ ತುಂಡನ್ನೇ ಆರಿಸಿಕೊಂಡಳು. ಬೇಡ ಎಂದರೂ ಕೇಳಲಿಲ್ಲ. ನಿಧಾನಕ್ಕೆ ತಿಂದು, ಬಾಯಿ ಒರೆಸಿಕೊಂಡು, "ಹುಳಿ ಸರಿಯಾಗಿದೆ. ಎರಡು ಹಸಿಮೆಣಸಿನಕಾಯಿ ಬೇಕಿತ್ತು" ಎಂದಳು. ಆಮೇಲೆ ಎದ್ದು ಉಳಿದ ಕೆಂಡವನ್ನೆಲ್ಲ ಪಾತ್ರೆಯ ಕೆಳಗೆ ತಳ್ಳಿ, ಒಳಗೆ ಆರು ಗೆಣಸು ಹಾಕಿ ಮುಚ್ಚಿ, ಮೇಲೆ ಬೂದಿ ಎಳೆದಳು.

ಬೆಳಗ್ಗೆ ನಾನು ಏಳುವ ಹೊತ್ತಿಗೆ ಗೆಣಸು ಮನೆಗೆ ಬಂದಿತ್ತು, ಇನ್ನೂ ಬೆಚ್ಚಗಿತ್ತು. ಹಿತ್ತಲಲ್ಲಿ ಕೋಳಿಗಳು ಮುಚ್ಚಳ ಇರುತ್ತಿದ್ದ ಜಾಗದಲ್ಲಿ ಗುಂಪಾಗಿ ನಿಂತು, ನೆಲದ ದುಂಡನೆ ಗುರುತನ್ನು ಕೆದಕುತ್ತಿದ್ದವು. ಅಮ್ಮ ಒಂದು ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿ ಅಲ್ಲಿ ಇಟ್ಟಳು. ಹುಂಜ ಹತ್ತಿತು. ಟಬ್ಬು ಮಗುಚಿತು.